ಕೈ ಎತ್ತಿದರೆ ಕೇಸಾ, ಏಟು ಬಿದ್ದರೆ ಮಾತ್ರವಾ? ಓದುಗರ ಪ್ರಶ್ನೆಗೆ ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಜಗಳದವೇ. ಕಾಂಪೌಂಡ್ ಜಗಳ, ಪಾರ್ಕಿಂಗ್ ಜಗಳ, ಗಲಾಟೆ ನೋಡೋಕೆ ಹೋಗಿ ಸಿಕ್ಕಿಬಿದ್ದವರ ಗೋಳು. ಹೆಚ್ಚಿನವರು ಕೇಳಿರುವುದು ಒಂದೇ: "ಯಾವ ಸೆಕ್ಷನ್ ಹಾಕಿಸಬಹುದು?" ಊಟದ ಮೆನು ನೋಡಿ ಆರ್ಡರ್ ಮಾಡಿದ ಹಾಗೆ ಸೆಕ್ಷನ್ ಆರಿಸಲು ಬರುವುದಿಲ್ಲ. ಅವನು ಏನು ಮಾಡಿದ, ಏನು ಉದ್ದೇಶ ಇಟ್ಟುಕೊಂಡು ಮಾಡಿದ, ಎಷ್ಟು ಜನ ಇದ್ದರು, ಎಲ್ಲಿ ನಡೆಯಿತು, ಇಷ್ಟು ಗೊತ್ತಾದರೆ ಸೆಕ್ಷನ್ ತಾನಾಗಿ ಬರುತ್ತದೆ. ಇನ್ನೊಂದು ಮಾತು. 2024ರ ಜುಲೈ 1 ಅಥವಾ ಆಮೇಲೆ ನಡೆದ ಘಟನೆಗೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್. ಅದಕ್ಕೂ ಮುಂಚೆ ನಡೆದದ್ದಾದರೆ ಕೇಸು ಇವತ್ತು ನಡೀತಿದ್ದರೂ 1860ರ ಹಳೆಯ ಐಪಿಸಿಯೇ. ಕೆಳಗೆ ನಾನು ಕೊಟ್ಟಿರುವುದು ಹೊಸ ನಂಬರುಗಳು.

ಪ್ರಶ್ನೆ: ಮೇಡಂ, ಪಕ್ಕದ ಮನೆಯವರ ಜೊತೆ ನಮಗೆ ಕಾಂಪೌಂಡ್ ವಿಷಯಕ್ಕೆ ಹಳೇ ಜಗಳ. ಮೊನ್ನೆ ಆ ಮನೆ ಯಜಮಾನರು ಗುದ್ದಲಿ ಎತ್ತಿಕೊಂಡು "ಇವತ್ತು ನಿನ್ನ ತಲೆ ಒಡೀತೀನಿ" ಅಂತ ನನ್ನ ಮೇಲೆ ಬಂದರು. ಅವರ ಮಗನೇ ಅಡ್ಡ ಬಂದು ಹಿಡಿದುಕೊಂಡ, ಏಟು ಬೀಳಲಿಲ್ಲ. ಠಾಣೆಯಲ್ಲಿ "ಹೊಡೆದಿಲ್ವಲ್ಲ, ಮತ್ತೇನು ಕೇಸು" ಅಂತಾರೆ. ಹೌದಾ?

ಉತ್ತರ: ಅಲ್ಲ. ಏಟು ಬೀಳದಿದ್ದರೂ ಹಲ್ಲೆಯ ಅಪರಾಧ ಆಗುತ್ತದೆ, ಮೈ ಮುಟ್ಟಲೇಬೇಕು ಅಂತ ಕಾನೂನು ಎಲ್ಲೂ ಹೇಳಿಲ್ಲ. ಬಿಎನ್‌ಎಸ್ ಸೆಕ್ಷನ್ 130 ನೋಡಿ. ಒಬ್ಬ ವ್ಯಕ್ತಿ ಕೈಸನ್ನೆ ಮಾಡಿರಬೇಕು ಅಥವಾ ಹೊಡೆಯಲು ಅಣಿಯಾಗಿರಬೇಕು. ಅದನ್ನು ನೋಡಿ ಎದುರಿಗಿದ್ದವರಿಗೆ "ಈಗ ಇವನು ನನ್ನ ಮೇಲೆ ಬೀಳ್ತಾನೆ" ಅನ್ನಿಸಬೇಕು. ಹಾಗೆ ಅನ್ನಿಸಲಿ ಅಂತಲೇ ಅವನು ಮಾಡಿರಬೇಕು, ಇಲ್ಲವೇ ಹಾಗೆ ಅನ್ನಿಸುತ್ತದೆ ಅಂತ ಅವನಿಗೆ ಗೊತ್ತಿರಬೇಕು. ಇವಿಷ್ಟೂ ಒಟ್ಟಿಗೆ ಇರಬೇಕು, ಒಂದು ಕಳಚಿದರೂ 130 ನಿಲ್ಲುವುದಿಲ್ಲ.

ನಿಮ್ಮ ವಿಷಯದಲ್ಲಿ ಗುದ್ದಲಿ ಎತ್ತಿದ್ದು, ನಿಮ್ಮ ಕಡೆ ನಡೆದು ಬಂದದ್ದು, ಇನ್ನೊಬ್ಬರು ಹಿಡಿದುಕೊಳ್ಳಬೇಕಾಗಿ ಬಂದದ್ದು, ಮೂರೂ ಇದೆ. ಬರೀ ಮಾತು ಹಲ್ಲೆಯಲ್ಲ ಅಂತ ಕಾನೂನಿನಲ್ಲೇ ವಿವರಣೆ ಇದೆ. ತನ್ನ ಪಾಡಿಗೆ ಜಗಲಿ ಮೇಲೆ ಕಾಲು ಚಾಚಿ ಕೂತುಕೊಂಡು "ತಲೆ ಒಡೀತೀನಿ" ಅಂದಿದ್ದರೆ 130 ಬರುತ್ತಿರಲಿಲ್ಲ. ಆದರೆ ಆ ಮಾತು ಎತ್ತಿದ ಗುದ್ದಲಿಗೆ ಒಂದು ಅರ್ಥ ಕೊಡುತ್ತದೆ ನೋಡಿ. ಗುದ್ದಲಿ ಹಿಡಿದು ಸುಮ್ನೆ ಹೊರಟವನು ಗಿಡಕ್ಕೆ ಪಾತಿ ಮಾಡಲೂ ಹೋಗುತ್ತಿರಬಹುದು, ಅಲ್ವಾ? ಮಾತು ಸೇರಿದ ಮೇಲೆ ಆ ವಾದಕ್ಕೆ ಜಾಗ ಇರುವುದಿಲ್ಲ. ಹಾಗಾಗಿ ದೂರಿನಲ್ಲಿ "ಬೆದರಿಕೆ ಹಾಕಿದರು" ಅಂತ ಒಂದು ಸಾಲು ಬರೆದು ಮುಗಿಸಬೇಡಿ. ಅವರು ನಿಂತಿದ್ದ ಜಾಗಕ್ಕೂ ನಿಮಗೂ ಎಷ್ಟು ದೂರ, ಗುದ್ದಲಿ ಭುಜದ ಮಟ್ಟಕ್ಕೆ ಬಂದಿತ್ತಾ ತಲೆಯ ಮೇಲಿತ್ತಾ, ಮಗ ಯಾವ ಕೈ ಹಿಡಿದ, ಆಡಿದ ಮಾತು ಇದ್ದದ್ದು ಇದ್ದಂತೆ, ಇಷ್ಟನ್ನೂ ಬರೆಯಿರಿ. ವರ್ಷಗಳ ನಂತರ ಸಾಕ್ಷಿ ಹೇಳುವಾಗ ಎದುರು ಪಕ್ಷದ ವಕೀಲರು ಕೆದಕುವುದು ಇದನ್ನೇ.

ಠಾಣೆಯವರ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಸೆಕ್ಷನ್ 131ರ ಪ್ರಕಾರ ಹಲ್ಲೆಗೆ 3 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಅಸಂಜ್ಞೇಯ ಅಪರಾಧ. ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಆದರೂ ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಬರೆದುಕೊಂಡು ನಿಮ್ಮನ್ನು ಕೋರ್ಟಿಗೆ ಕಳಿಸಬೇಕು, "ಕೇಸೇ ಅಲ್ಲ" ಅಂತ ವಾಪಸ್ ಕಳಿಸುವಂತಿಲ್ಲ. ತಲೆ ಒಡೀತೀನಿ ಅಂದದ್ದಕ್ಕೆ 351, ಅಂದರೆ ಬೆದರಿಕೆಯ ಸೆಕ್ಷನ್ ಬೇರೆ ಇದೆ. ಕೊಲ್ಲುವ ಅಥವಾ ತೀವ್ರ ಗಾಯ ಮಾಡುವ ಬೆದರಿಕೆಯಾದರೆ ಅದರಲ್ಲಿ 7 ವರ್ಷದವರೆಗೂ ಶಿಕ್ಷೆ ಆಗಬಹುದು. ನನ್ನನ್ನು ಕೇಳಿದರೆ ಪಕ್ಕದ ಮನೆ ಜಗಳಕ್ಕೆ ಇದಕ್ಕಿಂತ ಉಪಯೋಗಕ್ಕೆ ಬರುವುದು ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 126. ಶಾಂತಿ ಕದಡುವ ಭಯ ಇದೆ ಅಂತ ಕಂಡುಬಂದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು, ಒಂದು ವರ್ಷದವರೆಗೆ ಶಾಂತಿ ಕಾಪಾಡುತ್ತೇನೆ ಅಂತ ಬಾಂಡ್ ಬರೆಸಿಕೊಳ್ಳಬಹುದು. ಬಾಂಡ್ ಬರೆದುಕೊಟ್ಟವರು ಗುದ್ದಲಿ ಮುಟ್ಟುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಪ್ರಶ್ನೆ: ನಾನು ವಿಡಿಯೋ ಮಾಡುತ್ತಿದ್ದಾಗ ಒಬ್ಬ ನನ್ನ ಕೈಯಿಂದ ಮೊಬೈಲ್ ಕಿತ್ತು ಪಕ್ಕಕ್ಕೆ ಎಸೆದ. ನನಗೆ ಏನೂ ಗಾಯ ಆಗಿಲ್ಲ. ಇದು ಹಲ್ಲೆಯಾ?

ಉತ್ತರ: ಹಲ್ಲೆಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಕೈಯಲ್ಲಿ ಹಿಡಿದ ವಸ್ತುವನ್ನು ಎಳೆದರೆ ಕೈಯೂ ಚಲಿಸುತ್ತದೆ. ಒಪ್ಪಿಗೆ ಇಲ್ಲದೆ, ಬೇಕೆಂದೇ, ಗಾಯವೋ ಭಯವೋ ಕಿರಿಕಿರಿಯೋ ಆಗಲಿ ಅಂತ ಹೀಗೆ ಮಾಡಿದರೆ ಅದು ಸೆಕ್ಷನ್ 129ರ ಕ್ರಿಮಿನಲ್ ಬಲಪ್ರಯೋಗ. ರಕ್ತ ಬರಬೇಕಿಲ್ಲ. ಬೈಕಿನಲ್ಲಿ ಕೂತವರ ಮೇಲೆ ಬೇಕೆಂದೇ ಕೊಚ್ಚೆ ನೀರು ಎರಚಿದರೂ, ಒಬ್ಬರ ಮೇಲೆ ನಾಯಿ ಛೂ ಬಿಟ್ಟರೂ ಇದರಡಿ ಬರುತ್ತದೆ. ಶಿಕ್ಷೆ ಅದೇ 131. ಮೊಬೈಲ್ ಒಡೆದಿದ್ದರೆ ಆಸ್ತಿ ನಷ್ಟದ ಕೇಸು ಬೇರೆ, ಬಿಲ್ ಇಟ್ಟುಕೊಳ್ಳಿ.

ಪ್ರಶ್ನೆ: ಜಗಳದಲ್ಲಿ ಒಬ್ಬ ನನ್ನ ತಮ್ಮನ ಮುಖಕ್ಕೆ ಗುದ್ದಿ ಮುಂದಿನ ಒಂದು ಹಲ್ಲು ಬಿತ್ತು. ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟಿನಲ್ಲಿ "ಸಾಧಾರಣ ಗಾಯ" ಅಂತ ಬರೆದಿದ್ದಾರೆ, ಪೊಲೀಸರು ಎನ್‌ಸಿಆರ್ ಮಾಡಿ ಕೈತೊಳೆದುಕೊಂಡಿದ್ದಾರೆ. ಹಲ್ಲು ಹೋದರೂ ಸಾಧಾರಣವಾ ಮೇಡಂ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ತಗೊಳ್ತೀನಿ, ಯಾಕೆಂದರೆ ಒಂದು ಹಲ್ಲಿನಿಂದ ಇಡೀ ಕೇಸಿನ ದಾರಿಯೇ ಬದಲಾಗುತ್ತದೆ.

ನೋವು, ಕಾಯಿಲೆ ಅಥವಾ ನಿಶ್ಶಕ್ತಿ ಉಂಟುಮಾಡಿದರೆ ಅದು ಸಾಧಾರಣ ಗಾಯ. ಬೇಕೆಂದೇ ಮಾಡಿದರೆ ಸೆಕ್ಷನ್ 115(2), 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕೆನ್ನೆಗೆ ಒಂದು ಬಿಟ್ಟರೂ ಇಲ್ಲಿಗೇ ಬರುತ್ತದೆ. ಇದೂ ಅಸಂಜ್ಞೇಯ. ತೀವ್ರ ಗಾಯ ಅನ್ನುವುದು ಬೇರೆ, ಅದಕ್ಕೆ ಸೆಕ್ಷನ್ 116ರಲ್ಲಿ 8 ಬಗೆಗಳ ಪಟ್ಟಿ ಇದೆ. ಪುರುಷತ್ವ ಹೋಗುವುದು, ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಅಂಗ ಅಥವಾ ಕೀಲು ಹೋಗುವುದು, ಇದ್ದೂ ಕೆಲಸಕ್ಕೆ ಬಾರದಂತಾಗುವುದು, ಮುಖ ಅಥವಾ ತಲೆ ಶಾಶ್ವತವಾಗಿ ವಿಕಾರವಾಗುವುದು, ಎಲುಬು ಅಥವಾ ಹಲ್ಲು ಮುರಿಯುವುದು ಇಲ್ಲವೇ ಜಾಗ ಬಿಟ್ಟು ಸರಿಯುವುದು. ಕೊನೆಯದು ಜೀವಕ್ಕೆ ಅಪಾಯ ಆಗುವಂಥ ಗಾಯ, ಅಥವಾ 15 ದಿನ ವಿಪರೀತ ನೋವಿನಲ್ಲಿ ನರಳುವಂತೆ ಇಲ್ಲವೇ ದಿನದ ಕೆಲಸ ಮಾಡಲಾಗದಂತೆ ಮಾಡುವ ಗಾಯ. ಹಳೆಯ ಐಪಿಸಿಯಲ್ಲಿ ಇದು 20 ದಿನ ಇತ್ತು, ಈಗ 15.

ಹಾಗಾಗಿ ಹಲ್ಲು ಪಟ್ಟಿಯಲ್ಲೇ ಇದೆ. ಒಂದೇ ಹಲ್ಲು ಸಾಕು. ವೈದ್ಯರು "ಸಾಧಾರಣ" ಅಂತ ಬರೆದ ಮಾತ್ರಕ್ಕೆ ಅದು ಸಾಧಾರಣ ಆಗುವುದಿಲ್ಲ, ಗಾಯ ಯಾವ ಬಗೆಯದು ಅಂತ ಕೊನೆಗೆ ತೀರ್ಮಾನಿಸುವುದು ಕೋರ್ಟು. ರಾತ್ರಿ ಹೊತ್ತು ಕ್ಯಾಶುವಾಲ್ಟಿಯಲ್ಲಿ ಇರುವ ಡ್ಯೂಟಿ ಡಾಕ್ಟರು ರಕ್ತ ಒರೆಸಿ, ತುಟಿಗೆ ಹೊಲಿಗೆ ಹಾಕಿ, ಅವಸರದಲ್ಲಿ ಒಂದು ಪದ ಬರೆದು ಮುಂದಿನ ರೋಗಿಯ ಕಡೆ ಹೋಗಿರುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಈಗ ಮಾಡಬೇಕಾದದ್ದು ತಮ್ಮನನ್ನು ದಂತ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಎಕ್ಸ್‌ರೇ ಮಾಡಿಸುವುದು. ಹಲ್ಲು ಬೇರು ಸಮೇತ ಬಂದಿದೆಯಾ, ಅರ್ಧ ಮುರಿದಿದೆಯಾ, ಗೂಡಿನ ಎಲುಬಿಗೆ ಪೆಟ್ಟಾಗಿದೆಯಾ, ಹೊಸ ಗಾಯವಾ, ಎಲ್ಲವೂ ಬರಹದಲ್ಲಿ ಬೇಕು. ಎದುರಿನವರು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ: "ಅದು ಮೊದಲೇ ಅಲ್ಲಾಡುತ್ತಿದ್ದ ಹಲ್ಲು ಸ್ವಾಮಿ." ಒಸಡು ಗಟ್ಟಿಯಾಗಿತ್ತು ಅನ್ನುವ ಒಂದು ಸಾಲು ದಂತ ವೈದ್ಯರ ವರದಿಯಲ್ಲಿ ಇದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಿದ್ದ ಹಲ್ಲು ಸಿಕ್ಕಿದ್ದರೆ ಎಸೆಯಬೇಡಿ, ಪೊಲೀಸರಿಗೆ ಒಪ್ಪಿಸಿ ಮಹಜರಿನಲ್ಲಿ ಬರೆಸಿ.

ಇನ್ನೊಂದು ಕಡೆಯೂ ಹೇಳಬೇಕು, ಬರೀ ನಿಮ್ಮ ಪರ ಮಾತಾಡಿದರೆ ನ್ಯಾಯ ಆಗಲ್ಲ. ತೀವ್ರ ಗಾಯ ಆಗಿದೆ ಅಂದ ತಕ್ಷಣ ಸೆಕ್ಷನ್ 117 ಬಂದುಬಿಡುವುದಿಲ್ಲ. ಗುದ್ದಿದವನಿಗೆ ತೀವ್ರ ಗಾಯ ಮಾಡುವ ಉದ್ದೇಶ ಇರಬೇಕು, ಅಥವಾ ಹಾಗಾಗಬಹುದು ಅನ್ನುವ ಅರಿವು ಇರಬೇಕು. ತಳ್ಳಾಟದಲ್ಲಿ ಎದೆಗೆ ಕೈ ಹಾಕಿ ನೂಕಿದ, ಇವನು ಜಾರಿ ಮೆಟ್ಟಿಲಿಗೆ ಬಡಿದು ಹಲ್ಲು ಹೋಯಿತು ಅಂತಾದರೆ 115ಕ್ಕೆ ಇಳಿಯುವ ಸಾಧ್ಯತೆ ಜಾಸ್ತಿ. ಮುಷ್ಟಿ ಕಟ್ಟಿ ನೇರ ಬಾಯಿಗೇ ಗುದ್ದಿದವನು "ಹಲ್ಲು ಬೀಳುತ್ತೆ ಅಂತ ನಂಗೆ ಗೊತ್ತಿರಲಿಲ್ಲ" ಅಂದರೆ ಯಾರೂ ಒಪ್ಪಲ್ಲ. ಮೂಗು ಮುರಿಯಲು ಗುದ್ದಿದ್ದು ಹಲ್ಲಿಗೆ ಬಿತ್ತು ಅನ್ನುವುದೂ ತಪ್ಪಿಸಿಕೊಳ್ಳುವ ದಾರಿಯಲ್ಲ. ಒಂದು ಬಗೆಯ ತೀವ್ರ ಗಾಯ ಮಾಡಲು ಹೋಗಿ ಇನ್ನೊಂದು ಬಗೆಯದ್ದು ಮಾಡಿದರೂ ಅಪರಾಧವೇ ಅಂತ ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

117(2)ಕ್ಕೆ 7 ವರ್ಷದವರೆಗೆ ಶಿಕ್ಷೆ, ಜೊತೆಗೆ ದಂಡ. ಇದು ಸಂಜ್ಞೇಯ ಅಪರಾಧ, ಆದ್ದರಿಂದ ಎಫ್‌ಐಆರ್ ಮಾಡಲೇಬೇಕು. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟು ಇದನ್ನು ಕಡ್ಡಾಯ ಅಂದಿದೆ. ಹೊಸ ಕಾನೂನಿನಲ್ಲಿ 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಎಫ್‌ಐಆರ್‌ಗೆ ಮೊದಲು 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಇದೆ. ಆದರೆ ಅದು "7 ವರ್ಷಕ್ಕಿಂತ ಕಡಿಮೆ" ಶಿಕ್ಷೆ ಇರುವವಕ್ಕೆ ಮಾತ್ರ. 117(2) 7 ವರ್ಷದ್ದು, ಆ ನೆಪ ಇಲ್ಲಿ ನಡೆಯಲ್ಲ. ದಂತ ವೈದ್ಯರ ವರದಿ ಲಗತ್ತಿಸಿ ಠಾಣೆಗೆ ಇನ್ನೊಂದು ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಆಗಲೂ ಆಗದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟು. ಈ ಮೆಟ್ಟಿಲು ಹತ್ತದೆ ನೇರ ಮೇಲಕ್ಕೆ ಹೋದರೆ ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ರಸ್ತೆಯಲ್ಲಿ ಗಾಡಿ ತಾಗಿದ್ದಕ್ಕೆ ಜಗಳ ಆಯಿತು. ನಾವು 4 ಜನ, ಅವರು 3 ಜನ. ಎರಡೂ ಕಡೆಯವರೂ ಹೊಡೆದಾಡಿದ್ದು ನಿಜ. ಪೊಲೀಸರು ಒಟ್ಟು 7 ಜನ ಅಂತ ಎಲ್ಲರ ಮೇಲೂ ಒಂದೇ ದೊಂಬಿ ಕೇಸು ಹಾಕಿದ್ದಾರೆ. 5 ಜನ ದಾಟಿದರೆ ದೊಂಬಿ ಅಂತೆ. ಸರಿನಾ?

ಉತ್ತರ: ಸರಿ ಅಲ್ಲ, ಲೆಕ್ಕ ತಪ್ಪಿದೆ. 5 ಜನ ಬೇಕು ಅನ್ನುವುದು ಸರಿ. ಆದರೆ ಆ 5 ಜನರದ್ದೂ ಒಂದೇ ಗುರಿ ಆಗಿರಬೇಕು, ಮತ್ತು ಆ ಗುರಿ ಸೆಕ್ಷನ್ 189ರಲ್ಲಿ ಹೇಳಿದ ಯಾವುದಾದರೂ ಒಂದಾಗಿರಬೇಕು. ಅಪರಾಧ ಮಾಡುವುದು, ಬಲ ತೋರಿಸಿ ಆಸ್ತಿ ಕಿತ್ತುಕೊಳ್ಳುವುದು, ಕಾನೂನು ಜಾರಿಯಾಗದಂತೆ ತಡೆಯುವುದು, ಬೇಡದ ಕೆಲಸವನ್ನು ಒಬ್ಬರಿಂದ ಬಲವಂತವಾಗಿ ಮಾಡಿಸುವುದು, ಹೀಗೆ. ಅಂಥ ಕೂಟವೇ ಅಕ್ರಮ ಕೂಟ. ಆ ಕೂಟದಲ್ಲಿ ಒಬ್ಬರು ಬಲ ಪ್ರಯೋಗಿಸಿದರೂ ಸೆಕ್ಷನ್ 191ರ ದೊಂಬಿ. ಈಗ ನೀವೇ ಹೇಳಿ, ನಿಮ್ಮನ್ನು ಹೊಡೆಯಬೇಕು ಅಂತ ಬಂದ 3 ಜನರೂ ಅವರನ್ನು ಹೊಡೆಯಬೇಕು ಅಂತ ಹೋದ ನೀವು 4 ಜನರೂ ಒಂದೇ ಗುರಿ ಇಟ್ಟುಕೊಂಡಿದ್ದಿರಾ? ಎದುರಾಳಿಗಳನ್ನು ಕೂಡಿಸಿ 7 ಮಾಡಲು ಬರುವುದಿಲ್ಲ. ನಿಮ್ಮ ಕಡೆಯ 4 ಬೇರೆ, ಅವರ ಕಡೆಯ 3 ಬೇರೆ, ಎರಡೂ 5 ಮುಟ್ಟುವುದಿಲ್ಲ.

ಇದನ್ನು ಓದಿ ಸಿಹಿ ಹಂಚಬೇಡಿ. ದೊಂಬಿ ಹೋದರೂ ಸೆಕ್ಷನ್ 194 ಇದ್ದೇ ಇದೆ. ಇಬ್ಬರು ಅಥವಾ ಹೆಚ್ಚು ಜನ, ಸಾರ್ವಜನಿಕ ಜಾಗದಲ್ಲಿ ಪರಸ್ಪರ ಹೊಡೆದಾಡಿ, ಸಾರ್ವಜನಿಕ ಶಾಂತಿ ಕದಡಿದರೆ ಅದು ಬೀದಿ ಕಾದಾಟದ ಅಪರಾಧ, ವಕೀಲರ ಬಾಯಲ್ಲಿ ಅಫ್ರೇ. ಹೊಡೆದಾಟ ಅಂದರೆ ಎರಡು ಕಡೆಯಿಂದಲೂ ಇರಬೇಕು, ಒಬ್ಬ ಹೊಡೆದು ಇನ್ನೊಬ್ಬ ಸುಮ್ನೆ ತಿಂದರೆ ಅದು ಅಫ್ರೇ ಅಲ್ಲ. ಮನೆಯೊಳಗೆ ಬಾಗಿಲು ಹಾಕಿಕೊಂಡು ಹೊಡೆದಾಡಿದರೂ ಅಲ್ಲ. ಶಾಂತಿ ಕದಡಿತು ಅನ್ನಲು ಗಾಡಿಗಳು ನಿಂತವು, ಜನ ಹೆದರಿ ಸರಿದರು ಅನ್ನುವಂಥ ಸಾಕ್ಷ್ಯ ಬೇಕು. ಶಿಕ್ಷೆ ಬರೀ 1 ತಿಂಗಳವರೆಗೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ತಮಾಷೆ ಏನಂದರೆ 1 ವರ್ಷದ ಶಿಕ್ಷೆ ಇರುವ 115(2) ಅಸಂಜ್ಞೇಯ, 1 ತಿಂಗಳ ಈ ಕಾದಾಟ ಸಂಜ್ಞೇಯ. ಇಲ್ಲಿ ಕಾನೂನಿಗೆ ಏಟು ತಿಂದವರಿಗಿಂತ ದಾರಿಹೋಕರ ನೆಮ್ಮದಿಯದ್ದೇ ಚಿಂತೆ.

ಜೊತೆಗೆ ನಿಮ್ಮ 4 ಜನರಲ್ಲಿ ಯಾರು ಯಾರಿಗೆ ಗಾಯ ಮಾಡಿದರೋ ಅದಕ್ಕೆ 115 ಅಥವಾ 117, ಮತ್ತು ಒಂದೇ ಉದ್ದೇಶದಿಂದ ಸೇರಿ ಮಾಡಿದ್ದೀರಿ ಅಂತ 3(5) ಹಾಕಬಹುದು. ಅದಕ್ಕೆ 5 ಜನ ಬೇಕಿಲ್ಲ, ಇಬ್ಬರಿದ್ದರೂ ಸಾಕು. ಚಾರ್ಜ್‌ಶೀಟ್ ಬಂದ ಮೇಲೆ ನಿಮ್ಮ ವಕೀಲರು 191ರಿಂದ ಕೈಬಿಡಿಸಲು ಅರ್ಜಿ ಹಾಕಲಿ. ಎಫ್‌ಐಆರ್‌ನಲ್ಲಿ "ಮತ್ತು ಇತರರು" ಅಂತ ಇದೆಯಾ ನೋಡಿ. ಹೆಸರು ಗೊತ್ತಿಲ್ಲದವರನ್ನು ಸೇರಿಸಿ 5 ಆಗಿದ್ದಾರೆ ಅಂತ ಅವರು ಸಾಧಿಸಬಹುದು, ಆದರೆ ಅಂಥವರು ನಿಜಕ್ಕೂ ಇದ್ದರು ಅಂತ ಸಾಕ್ಷ್ಯ ಕೊಡಬೇಕು.

ಪ್ರಶ್ನೆ: ನನ್ನ ಮಗ ಕಾಲೇಜಿನಿಂದ ಬರುವಾಗ ಪ್ರತಿಭಟನೆ ನೋಡುತ್ತಾ ನಿಂತಿದ್ದ. ಆಮೇಲೆ ಕಲ್ಲು ತೂರಾಟ ಆಯಿತು. ಸಿಸಿಟಿವಿಯಲ್ಲಿ ಕಂಡ ಅಂತ ಇವನನ್ನೂ ಆರೋಪಿ ಮಾಡಿದ್ದಾರೆ. ಅವನು ಕಲ್ಲು ಮುಟ್ಟಿಲ್ಲ ತಾಯಿ.

ಉತ್ತರ: ಕಲ್ಲು ಮುಟ್ಟಿಲ್ಲ ಅನ್ನುವುದೊಂದೇ ಸಾಕಾಗಲ್ಲ ಅಮ್ಮ, ಅದಕ್ಕೇ ಹುಷಾರಾಗಿ ಕೇಳಿ. ಅಕ್ರಮ ಕೂಟದ ಸದಸ್ಯ ಅಂತ ಸಾಬೀತಾದರೆ, ಕೂಟದ ಗುರಿಗಾಗಿ ಬೇರೆ ಯಾರೋ ಮಾಡಿದ ಅಪರಾಧಕ್ಕೂ ಸೆಕ್ಷನ್ 190 ಅವನನ್ನು ಹೊಣೆ ಮಾಡುತ್ತದೆ. ನನ್ನ ಮಟ್ಟಿಗೆ ಈ ಇಡೀ ಅಧ್ಯಾಯದಲ್ಲಿ ಎಲ್ಲಕ್ಕಿಂತ ಕಠಿಣವಾದ ಸೆಕ್ಷನ್ ಇದು. ಶಾಂತವಾಗಿ ಶುರುವಾದ ಸಭೆ ಆಮೇಲೆ ಅಕ್ರಮ ಕೂಟ ಆಗಬಹುದು ಅಂತಲೂ ಕಾನೂನು ಹೇಳುತ್ತದೆ.

ಹಾಗಾದರೆ ನಿಮ್ಮ ಮಗನಿಗೆ ಏನು ದಾರಿ? ಸದಸ್ಯ ಆಗಬೇಕಾದರೆ ಕೂಟ ಅಕ್ರಮವಾಗಿದೆ ಅಂತ ಗೊತ್ತಿರಬೇಕು, ಗೊತ್ತಿದ್ದೂ ಬೇಕೆಂದೇ ಸೇರಿಕೊಂಡಿರಬೇಕು ಅಥವಾ ಅಲ್ಲೇ ಉಳಿದಿರಬೇಕು. ನೋಡುತ್ತಾ ನಿಂತವನು ಸದಸ್ಯ ಅಲ್ಲ. ಮಸಾಲ್ತಿ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಎರಡೂ ಮಾತು ಹೇಳಿತು. ಸದಸ್ಯನಾಗಿದ್ದವನು ತಾನೇ ಕೈಯಾರೆ ಏನಾದರೂ ಮಾಡಿರಲೇಬೇಕು ಅಂತಿಲ್ಲ, ಆದರೆ ಕುತೂಹಲಕ್ಕೆ ಬಂದು ನಿಂತವರನ್ನು ಸದಸ್ಯರು ಅನ್ನಲೂ ಆಗದು. ಹಾಗಾಗಿ ದೃಶ್ಯವನ್ನು ಕ್ಷಣ ಕ್ಷಣವಾಗಿ ನೋಡಬೇಕು. ಮೊದಲ ಕಲ್ಲು ಬಿದ್ದಾಗ ಅವನು ಎಲ್ಲಿದ್ದ, ಗುಂಪಿನ ನಡುವೆಯಾ, ಅಂಚಿನಲ್ಲಾ? ಆಮೇಲೆ ಮುಂದೆ ಹೋದನಾ, ಹಿಂದೆ ಸರಿದನಾ? ಕೈಯಲ್ಲಿ ಬ್ಯಾಗ್ ಇತ್ತಾ, ಬಾವುಟ ಇತ್ತಾ? ಚದುರಿ ಅಂತ ಪೊಲೀಸರು ಮೈಕಿನಲ್ಲಿ ಹೇಳಿದ ಮೇಲೂ ಇದ್ದನಾ? ಹೇಳಿದ ಮೇಲೂ ಉಳಿದರೆ ಶಿಕ್ಷೆ 6 ತಿಂಗಳಿಂದ 2 ವರ್ಷಕ್ಕೆ ಏರುತ್ತದೆ. ನಿಷೇಧಾಜ್ಞೆ ಇತ್ತಾ ಅನ್ನುವುದೂ ಮುಖ್ಯ. ಎಲ್ಲರೂ 144 ಅನ್ನುವುದು ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಅದನ್ನು ಮೀರಿದ್ದಕ್ಕೆ ಬಿಎನ್‌ಎಸ್ 223ರ ಕೇಸು ಬೇರೆ. ಸಿಸಿಟಿವಿಯಲ್ಲಿ ಒಂದೇ ಫ್ರೇಮ್ ತೋರಿಸಿದರೆ ಒಪ್ಪಬೇಡಿ, ಹಿಂದಿನ ಮುಂದಿನ ಪೂರ್ತಿ ದೃಶ್ಯ ಬೇಕು ಅಂತ ವಕೀಲರ ಮೂಲಕ ಬೇಗ ಅರ್ಜಿ ಹಾಕಿ. ಕ್ಯಾಮೆರಾಗಳಲ್ಲಿ ಹಳೇ ರೆಕಾರ್ಡಿಂಗ್ ಅಳಿಸಿಹೋಗುತ್ತದೆ. ಅವತ್ತಿನ ಕಾಲೇಜು ಹಾಜರಿ, ಬಸ್ ಪಾಸು, ಫೋನಿನ ಲೊಕೇಶನ್ ಎಲ್ಲ ತೆಗೆದಿಡಿ.

ಪ್ರಶ್ನೆ: ಸಾರ್ವಜನಿಕವಾಗಿ ಅಮ್ಮ ಅಕ್ಕ ಅಂತ ಬೈದರೆ ಕೇಸು ಆಗುತ್ತಾ?

ಉತ್ತರ: ಆಗುತ್ತೆ, ಆದರೆ ಬೈದದ್ದಕ್ಕೇ ಅಲ್ಲ. ನೀವು ರೊಚ್ಚಿಗೆದ್ದು ಶಾಂತಿ ಕದಡಲಿ ಅಂತ, ಅಥವಾ ಹಾಗಾಗಬಹುದು ಅಂತ ಗೊತ್ತಿದ್ದೂ ಬೇಕೆಂದೇ ಅವಮಾನ ಮಾಡಿದರೆ ಸೆಕ್ಷನ್ 352, 2 ವರ್ಷದವರೆಗೆ. ಅಶ್ಲೀಲ ಮಾತಿಗೆ 296 ಇದೆ, ಆದರೆ ಪ್ರತಿ ಬೈಗುಳವೂ ಅಶ್ಲೀಲ ಅಲ್ಲ. ದೂರಿನಲ್ಲಿ "ಅವಾಚ್ಯ ಶಬ್ದಗಳಿಂದ ನಿಂದಿಸಿ" ಅಂತ ಮಾತ್ರ ಬರೆದು ಕೇಸು ಬಿದ್ದುಹೋದದ್ದು ಎಷ್ಟೋ. ನಾಚಿಕೆ ಪಡದೆ ಆ ಪದಗಳನ್ನೇ ಬರೆಯಿರಿ.

ಪ್ರಶ್ನೆ: ಕುಡಿದವನೊಬ್ಬ ದೊಣ್ಣೆ ಹಿಡಿದು ಮೇಲೆ ಬಿದ್ದ. ನಾನು ದೊಣ್ಣೆ ಕಿತ್ತುಕೊಂಡು ಹೊಡೆದೆ. ಈಗ ಅವನೇ ನನ್ನ ಮೇಲೆ ಕೇಸು ಕೊಟ್ಟಿದ್ದಾನೆ!

ಉತ್ತರ: ಆತ್ಮರಕ್ಷಣೆಯ ಹಕ್ಕು ಸೆಕ್ಷನ್ 34ರಿಂದ 44ರವರೆಗೆ ಇದೆ. ಅವನು ಕುಡಿದಿದ್ದ ಅನ್ನುವುದರಿಂದ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಪ್ರಶ್ನೆ ಇರುವುದು ದೊಣ್ಣೆ ನಿಮ್ಮ ಕೈಗೆ ಬಂದ ಮೇಲಿನ ಒಂದೆರಡು ಸೆಕೆಂಡಿನದ್ದು. ಆಗಲೂ ಅವನು ಮತ್ತೆ ನುಗ್ಗುತ್ತಿದ್ದನಾ, ಕೆಳಗೆ ಬಿದ್ದಿದ್ದನಾ, ಓಡುತ್ತಿದ್ದನಾ? ಅಪಾಯ ಇರುವವರೆಗೆ ಮಾತ್ರ ಹಕ್ಕು, ಅದೂ ಎಷ್ಟು ಬೇಕೋ ಅಷ್ಟೇ. ತಕ್ಕಡಿ ಹಿಡಿದು ಏಟು ತೂಗಬೇಕು ಅಂತ ಕೋರ್ಟುಗಳು ಕೇಳುವುದಿಲ್ಲ, ಆದರೆ ಬಿದ್ದವನಿಗೆ ಇನ್ನೂ ನಾಲ್ಕು ಬಾರಿಸಿದ್ದರೆ ಅದು ಸಿಟ್ಟು, ರಕ್ಷಣೆ ಅಲ್ಲ. ಆತ್ಮರಕ್ಷಣೆಗೆ ಹೊಡೆದೆ ಅನ್ನುವುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಭಾರ ನಿಮಗಿಲ್ಲ, ಹೀಗೆ ಆಗಿರುವ ಸಂಭವವೇ ಹೆಚ್ಚು ಅಂತ ತೋರಿಸಿದರೆ ಸಾಕು. ನಿಮ್ಮ ಮೈಮೇಲೂ ಗಾಯ ಇದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ ಬರೆಸಿ, ನಿಮ್ಮ ಕಡೆಯ ದೂರನ್ನೂ ಕೊಡಿ. ಕೇಸು, ಕೌಂಟರ್ ಕೇಸು ಎರಡನ್ನೂ ಒಬ್ಬರೇ ನ್ಯಾಯಾಧೀಶರು ಕೇಳುವುದು ರೂಢಿ, ಹಾಗೇ ಆಗುವಂತೆ ನೋಡಿಕೊಳ್ಳಿ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಸ್ನೇಹಿತರ ಹಾಸ್ಟೆಲ್ ರೂಮಿನಲ್ಲಿ ಆದ ಜಗಳಕ್ಕೆ ಅಫ್ರೇ ಕೇಸು ಅಂತೆ. ಇಲ್ಲಿ 1 ತಿಂಗಳ ಕೇಸು ಅಲ್ವಾ, ತಲೆ ಕೆಡಿಸಿಕೊಳ್ಳಬೇಕಾ?

ಉತ್ತರ: ಕೆಡಿಸಿಕೊಳ್ಳಿ. ಅಲ್ಲಿ ಅದು 1986ರ ಪಬ್ಲಿಕ್ ಆರ್ಡರ್ ಆಕ್ಟಿನ ಸೆಕ್ಷನ್ 3, 3 ವರ್ಷದವರೆಗೆ ಶಿಕ್ಷೆ. ಸಾರ್ವಜನಿಕ ಜಾಗವೇ ಆಗಬೇಕಿಲ್ಲ, ರೂಮಿನೊಳಗೂ ಆಗುತ್ತದೆ. ಇನ್ನೊಬ್ಬರ ಮೇಲೆ ಹಿಂಸೆ ಬಳಸಿರಬೇಕು ಅಥವಾ ಬಳಸುವ ಬೆದರಿಕೆ ಹಾಕಿರಬೇಕು, ಅದನ್ನು ಕಂಡ ಸಾಮಾನ್ಯ ಧೈರ್ಯದ ವ್ಯಕ್ತಿಯೊಬ್ಬ ತನ್ನ ಸುರಕ್ಷತೆಯ ಬಗ್ಗೆ ಹೆದರುವಂತಿರಬೇಕು. ಅಂಥ ವ್ಯಕ್ತಿ ನಿಜವಾಗಿ ಅಲ್ಲಿ ಇದ್ದಿರಲೇಬೇಕು ಅಂತಿಲ್ಲ. ಬರೀ ಮಾತಿನ ಬೆದರಿಕೆ ಮಾತ್ರ ಅಲ್ಲೂ ಸಾಲದು. ದೊಂಬಿಗೆ ಅಲ್ಲಿ 12 ಜನ ಬೇಕು, ಹಾಗಾಗಿ ಆ ಭಯ ಬೇಡ. ಇಲ್ಲಿನ ವಕೀಲರನ್ನು ಕೇಳುತ್ತಾ ಕೂರುವುದು ಬಿಟ್ಟು, ಪೊಲೀಸರ ಮುಂದೆ ಇನ್ನೊಂದು ಮಾತು ಆಡುವ ಮೊದಲು ಅಲ್ಲಿನ ಸಾಲಿಸಿಟರ್ ಹತ್ತಿರ ಹೋಗಲು ಹೇಳಿ.

ಪ್ರಶ್ನೆ: ರಾಜಿ ಆಗಿದ್ದೇವೆ. ಕೇಸು ತಾನಾಗಿ ಮುಗಿಯುತ್ತಾ?

ಉತ್ತರ: ತಾನಾಗಿ ಯಾವುದೂ ಮುಗಿಯಲ್ಲ. 115(2) ಆದರೆ ಗಾಯಗೊಂಡವರು ಕೋರ್ಟಿನಲ್ಲಿ ರಾಜಿ ಹೇಳಿದರೆ ಆಯಿತು. 117(2)ಕ್ಕೆ ಕೋರ್ಟಿನ ಅನುಮತಿ ಬೇಕು. ದೊಂಬಿ ಕೇಸು ರಾಜಿಗೆ ಬರುವುದೇ ಇಲ್ಲ, ಅದಕ್ಕೆ ಹೈಕೋರ್ಟಿನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 528ರ ಅರ್ಜಿ ಹಾಕಿ ರದ್ದು ಮಾಡಿಸಬೇಕು. ಅಲ್ಲಿಯವರೆಗೆ ವಾಯಿದೆಗೆ ತಪ್ಪದೆ ಹೋಗಿ. ರಾಜಿ ಆಯಿತಲ್ಲ ಅಂತ ಮನೆಯಲ್ಲೇ ಕೂತರೆ ವಾರಂಟ್ ಬರುತ್ತದೆ.